ಕೆಲವೊಮ್ಮೆ

ಕೌಲ್ ಬಜಾರಿನ ಒಳಗಲ್ಲಿ, ತಗಡಿನ ಮಾಡಿನ ಕೆಳಗೆ
ಮಾಬುನ್ನಿ ಜೀನ್ಸಿಗೆ ವಯಸ್ಸು ಹಚ್ಚುತ್ತಿದ್ದಳು.
ಇನ್ನೂ ಯಾರೂ ತೊಡದ ಪ್ಯಾಂಟಿನ ಮೊಣಕಾಲಿಗೆ
ಉಸುಕಿನ ಕಾಗದ ತಿಕ್ಕಿ ತಿಕ್ಕಿ
ಯಾರೋ ಹತ್ತು ವರ್ಷ ಕೂತೆದ್ದ ಹಾಗೆ,
ಬಿದ್ದ ಹಾಗೆ, ತೆವಳಿದ ಹಾಗೆ.
ಡಜನ್ನಿಗೆ ಇಷ್ಟು ಅಂತ ಕೂಲಿ.

ನಾನು ಎಂ.ಎ. ಎರಡನೇ ವರ್ಷ, ಮನಶ್ಶಾಸ್ತ್ರ.
ಕೈಯಲ್ಲಿ ಐವತ್ತು ಪ್ರಶ್ನೆಗಳ ಹಾಳೆ,
ಪ್ರತಿ ಪ್ರಶ್ನೆಯ ಮುಂದೆ ಮೂರು ಮನೆ:
ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ.
ನೂರು ಜನರನ್ನು ಆ ಮನೆಗಳಲ್ಲಿ ಕೂಡಿಸಿದರೆ
ನನಗೊಂದು ಪದವಿ.

'ನನಗೆ ಬೇಗ ಸಿಟ್ಟು ಬರುತ್ತದೆ.'
ಆಕೆ ತಿಕ್ಕುತ್ತಲೇ ಕೇಳಿದಳು:
"ಮುಂಜಾನೆ ಏನ್ರಿ, ಮಧ್ಯಾಹ್ನ ಏನ್ರಿ?"
ಹಾಳೆಯಲ್ಲಿ ಹೊತ್ತು ಇರಲಿಲ್ಲ.
"ಮಧ್ಯಾಹ್ನ ಈ ತಗಡಿನ ಕೆಳಗ
ದೇವರಿಗೂ ಸಿಟ್ಟು ಬರತೈತಿ, ಬಿಡ್ರಿ."
ಹುಟ್ಟುಗುಣ ಸುಟ್ಟರೂ ಹೋಗದು ಅಂದವರು
ಬಳ್ಳಾರಿಯ ಮೇ ತಿಂಗಳು ಕಂಡಿರಲಿಕ್ಕಿಲ್ಲ.
ಬರೆದೆ: ಕೆಲವೊಮ್ಮೆ.

'ಹೊಸಬರ ಜೊತೆ ಸಲೀಸಾಗಿ ಬೆರೆಯುತ್ತೇನೆ.'
"ಯಾವ ಮಾತಿನ್ಯಾಗ?
ತೆಲುಗಿನ್ಯಾಗ ನಾ ಭಾಳ ನಗಸ್ತೀನಿ,
ಸೇಟೂನ ಮುಂದ ನಿಂತು ಪಗಾರ ಕೇಳೂದೂ ತೆಲುಗಿನ್ಯಾಗ.
ಕನ್ನಡದಾಗ ನಿಮ್ಮ ಜತಿಗೆ ಹಿಂಗ, ಅಳದು ತೂಗಿ.
ಮನ್ಯಾಗ ನಮ್ಮ ಮಾತು. ಅಲ್ಲಿ ಅತ್ತಿ ಇದ್ದಾಳ.
ಅಲ್ಲಿ ನಾ ಮೂಕಿ."
ಮೂವರು ಮಾಬುನ್ನಿಯರು, ಗೀಟು ಎಳೆಯಲು ಒಂದೇ ಮನೆ.
ಕೆಲವೊಮ್ಮೆ.

ನಾನು ಓದಿದ್ದೆ:
ಐದು ವರ್ಷ ತುಂಬುವಷ್ಟರಲ್ಲಿ ಅಡಿಪಾಯ ಮುಗಿದಿರುತ್ತದೆ, ಎಂದು ಒಬ್ಬ.
ಅಲ್ಲ, ಬೆಲ್ಲಕ್ಕೂ ಬರೆಗೂ ಪಳಗಿದ ರೂಢಿ, ಎಂದು ಇನ್ನೊಬ್ಬ.
ರಕ್ತ, ಪಿತ್ತ, ಕಫ ಅಂತ ಅಳೆದವರು ಹಳಬರು,
ಐದು ಗುಣಕ್ಕೆ ಐದು ಮಾಪಕ ಹಿಡಿದವರು ಈಚಿನವರು.
ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ
ಎಲ್ಲರೂ ಸರಿ.

ಹಾಳೆಯಲ್ಲಿಲ್ಲದ ಒಂದನ್ನು ಕೇಳಿಬಿಟ್ಟೆ:
ನೀನು ಹೀಗಿರೋದು ಹುಟ್ಟಿದ್ದೋ, ಬೆಳೆದದ್ದೋ?
ಆಕೆ ಮೂಲೆಯ ಎರಡು ಗಂಟು ತೋರಿಸಿದಳು.
"ಒಂದ ತಾನು. ಒಂದ ಕತ್ತರಿ.
ಒಂದ ಮಷಿನ್ನಿನ್ಯಾಗ ಅವೇ ಕಲ್ಲಿನ ಕೂಡ ತಿರಿಗ್ಯಾವ.
ನೋಡ್ರಿ, ಇದರ ನೀಲಿ ಬ್ಯಾರೆ, ಅದರ ನೀಲಿ ಬ್ಯಾರೆ.
ಸೇಟು ವಾಷಿಂಗ್‌ನವನ ಕೂಡ ದಿನಾ ಜಗಳಾಡ್ತಾನ,
ಅವ ಬಟ್ಟಿ ತಪ್ಪಂತಾನ, ಇವ ನೀರು ತಪ್ಪಂತಾನ.
ನಾವು ಶೇಡು ನೋಡಿ ಬ್ಯಾರೆ ಬ್ಯಾರೆ ಕಟ್ಟತೀವಿ, ಅಷ್ಟ."

ಆಮೇಲೆ, ದಾರ ಕಚ್ಚಿ ಹರಿದು:
"ನಾನೂ ನಮ್ಮಕ್ಕನೂ ಒಂದ ಚಾದರಿನ್ಯಾಗ ಮಲಗಿದವ್ರು.
ಅಪ್ಪ ಕುಡುದು ಬಂದಾಗ ಆಕಿ ಕಣ್ಣು ಮುಚ್ಚತಿದ್ಲು,
ನಾ ತೆರಕೊಂಡ ಇರತಿದ್ದೆ.
ಯಾಕಂತ ಗೊತ್ತಿಲ್ಲ ಮೇಡಮ್ಮ.
ಆಕಿಗೆ ಈಗ ಎಲ್ಲಾರೂ ಒಳ್ಳೇವ್ರು.
ನನಗ ಬಾಗಿಲದ ಸಪ್ಪಳ ಇನ್ನೂ ಕೇಳತೈತಿ."
ಇದನ್ನು ಹಾಳೆಯ ಅಂಚಿನಲ್ಲಿ
ಸಣ್ಣಕ್ಷರದಲ್ಲಿ ಬರೆದುಕೊಂಡೆ.

ಸಹಿ ಬರುತ್ತೆ ಅಂದಳು, ಹಾಕಿದಳು. ಆದರೂ ಬೆರಳು ತಗುಲಿ
ಹದಿನೇಳನೆಯ ಪ್ರಶ್ನೆಯ ಮೇಲೆ ಒಂದು ನೀಲಿ ಹೆಬ್ಬೆಟ್ಟು.
ಗೈಡ್ ಕೇಳಿದರು: ಇದೇನು ಕಲೆ? ಅಂಚಿನಲ್ಲಿ ಇದೆಲ್ಲ ಏನು?
ಬೇರೆ ಹಾಳೆಗೆ ಇಳಿಸಿ.
ಇಳಿಸಿದೆ.
ಅಂಚು ಬಿಟ್ಟೆ, ಬೆರಳು ಬಿಟ್ಟೆ,
ನಲವತ್ತೊಂದು 'ಕೆಲವೊಮ್ಮೆ' ಉಳಿದವು.

ನಾನು ಏಳುವಾಗ ಆಕೆ ತಲೆಯೆತ್ತದೆ ಕೇಳಿದ್ದಳು:
"ಎಲ್ಲಾ ಕೂಡಿಸಿದ ಮ್ಯಾಲ ನಾ ಎಂಥಾಕಿ ಅಂತ ಬರತೈತಲ್ಲ,
ಬಂದು ನನಗೂ ಒಂದು ಮಾತು ಹೇಳ್ರಿ."
ಹೇಳುತ್ತೇನೆ ಅಂದೆ.

ಮೂರು ವರ್ಷ. ಉಳಿದುಹೋದ ಒಂದು ಹಾಳೆ
ನನ್ನ ಕಪಾಟಿನಲ್ಲಿದೆ, ನನ್ನ ಹೆಸರು ಬರೆದದ್ದು.
ಮೂವತ್ತನೆಯ ಪ್ರಶ್ನೆ: 'ಕೊಟ್ಟ ಮಾತಿಗೆ ತಪ್ಪುವುದಿಲ್ಲ.'
ಅದೊಂದರ ಮೂರೂ ಮನೆ ಖಾಲಿ.
ಸ್ಟೇಷನ್ನಿಗೆ ಹೋಗುವಾಗ ಆಟೋದವನಿಗೆ
ಯಾವಾಗಲೂ ಹೇಳುತ್ತೇನೆ,
ಕೋಟೆ ಕಡೆಯಿಂದ ಸುತ್ತಿ ಹೋಗಪ್ಪ.