ಗುರುವಾರ, ಸೀರಣಿಗೆ

ಸೋಮವಾರ ಮಿಕ್ಸಿ ಸುಟ್ಟಿತು. ಮಂಗಳವಾರ
ಮಾಯಿಯ ಮಂಡಿಗೆ ಸೂಜಿ,
ವಿರಾಜಪೇಟೆ ಆಸ್ಪತ್ರೆಯಲ್ಲಿ ಮೂರು ಗಂಟೆ ಸಾಲು.
ಬುಧವಾರ ಏನಾಯಿತೋ ನೆನಪಿಲ್ಲ,
ಬರೀ ಪಾತ್ರೆ.

ಆದರೂ ಆ ಸಾಲಿನಲ್ಲಿ ಮಾಯಿ
ಮಡಚಿದ ಕೊಡೆಯೊಳಗಿಂದ ತೆಗೆದ ಕಿತ್ತಳೆ!
ಬೀಜ ಎಲ್ಲಿ ಉಗುಳುವುದೆಂದು ತಿಳಿಯದೆ
ಇಬ್ಬರೂ ಕೆನ್ನೆಯಲ್ಲಿಟ್ಟುಕೊಂಡು ಕೂತೆವು.
ನರ್ಸ್ ಹೆಸರು ಕೂಗಿದಾಗ
ಇಬ್ಬರಿಗೂ ಮಾತು ಹೊರಡಲಿಲ್ಲ.

ಗುರುವಾರ ಶಾಲೆಯಿಂದ ಚೀಟಿ: ಮಗುವಿನ ತಲೆಯಲ್ಲಿ ಹೇನು.
ಹಳೇ ಕ್ಯಾಲೆಂಡರ್ ಹಾಳೆ ನೆಲಕ್ಕೆ ಹಾಸಿ
ದೇಚುವನ್ನು ಮೊಣಕಾಲ ನಡುವೆ ಕೂರಿಸಿ
ಸೀರಣಿಗೆ ಎಳೆಯುತ್ತೇನೆ.
ಉದುರುತ್ತವೆ ಮಾರ್ಚ್ ತಿಂಗಳ ಮೇಲೆ,
ಒಂದು ಏಕಾದಶಿಗೆ,
ಒಂದು, ಗ್ಯಾಸ್ ಬಂದ ದಿನ ನಾನು ಹಾಕಿದ ಗುರುತಿಗೆ.
ಉಗುರಿನಡಿ ಟಿಕ್.
'ದೊಡ್ಡದಾ ಅವ್ವ?' ಅವಳಿಗೆ ಆಸೆ.
'ಆನೆ! ತಿತಿಮತಿಯಿಂದ ಬಂದದ್ದು.'
ಅವಳು ನಕ್ಕಾಗ ಬೈತಲೆ ಸೊಟ್ಟಗಾಗುತ್ತದೆ,
ಮತ್ತೆ ಮೊದಲಿಂದ.

ಎಸ್ಟೇಟಿನ ಲೆಕ್ಕ ಮುಗಿಸಿ ಬಂದ ಬೆಳ್ಯಪ್ಪ
ಬೂಟು ಕಳಚದೆ ಪಕ್ಕದಲ್ಲೇ ಕುಸಿದು
ಕೂದಲುದುರಿದ ನೆತ್ತಿ ಚಾಚುತ್ತಾನೆ:
ನನಗೂ ನೋಡು.

ಏನೂ ಇಲ್ಲ ಅಲ್ಲಿ.
ನಿಧಾನವಾಗಿ ನೋಡುತ್ತೇನೆ.