ಹಟ್ಟಿಯಲ್ಲಿ ಒಂದು ಫೋನು ರಿಪೇರಿ

ಮಿರ್ಚಿ ಹಿಟ್ಟಿನಾಗ ಬಿದ್ದಿತ್ತು ಅಮರಮ್ಮನ ಫೋನು.
ಹೊಸ ಡಿಸ್‌ಪ್ಲೇ ಕೂಡಿಸಿ, ಬೆರಳು ಕೇಳತದೋ ಇಲ್ಲೋ ಅಂತ
ಹುಡುಕೋ ಡಬ್ಬ್ಯಾಗ ‘ಗ’ ಒತ್ತಿದೆ.
ಒತ್ತಿದ್ದೇ ತಡ, ಅಕೀ ಹಳೇ ಪ್ರಶ್ನೆಗಳು
ಸಾಲಾಗಿ ಇಳದು ಬಂದವು:

ಗಣಿ ಒಳಗ ಇರುವಿ ಇರತಾವೇನು
ಗಂಡ ನಿದ್ದ್ಯಾಗ ಎಣಿಸಿದರ ಏನರ್ಥ
ಗೆದ್ದಲಿಗೆ ಬಂಗಾರ ರುಚಿ ಹತ್ತತದೇನು
ಗಣ್ಯಾಗ ನೆಳ್ಳು ಬೀಳತದೇನು

ಬುತ್ತಿ ಹೋದಲ್ಲಿ ಇರುವಿ ಹೋಗದ ಬಿಡತಾವೇನು.
ಎಣಿಸೋದು ಸಿಡಿತದ ಲೆಕ್ಕ:
ಎಷ್ಟು ತೂತಿಗೆ ಮದ್ದು ತುಂಬಿದ್ವಿ, ಎಷ್ಟು ಸಿಡಿದವು,
ಒಂದು ತಪ್ಪಬಾರದು ನೋಡ್ರಿ.
ಗೆದ್ದಲಿನ ಬಾಯಿರುಚಿ ನನಗ ತಿಳೀದು.

ನೆಳ್ಳಿಗೆ ಮಾತ್ರ ಅಪ್ಪನ್ನ ಕೇಳಬೇಕಾತು.
ಇಪ್ಪತ್ತೆಂಟು ವರ್ಷ ಇಳದಾಂವ, ಹೊರಸಿನ ಮ್ಯಾಲೆ ಕೆಮ್ಮಿ ಅಂದ:
“ಬೀಳತದಪಾ. ಹಿಂದ ಬರಾವನ ಟೊಪಗಿ ದೀಪಕ್ಕ
ನಿನ್ನ ನೆಳ್ಳು ನಿನಗಿಂತ ಮುಂದ ನಡೀತದ.
ಒಬ್ಬನೇ ಇದ್ದರ ಕಾಣೂದಿಲ್ಲ.”

“ಒಳಗೇನರ ನೋಡಿದೇನು?” ಅಂದಳು
ಎಣ್ಣಿ ಹತ್ತಿದ ನೋಟು ಎಣಿಸತಾ.
“ಇಲ್ಲಬೇ.”

ಸಂಜಿಗೆ ಅಕೀ ಬಂಡಿ ಮುಂದ ನಿಂತು
ಪಂಚರಿನ ಖಾಜಾಹುಸೇನಗ ಜೋರಾಗಿ ಹೇಳಿದೆ,
ಅವಂಗ ಬ್ಯಾಡಾಗಿದ್ದ ನೆಳ್ಳಿನ ಮಾತು.

ಜಾಲರಿ ಸೌಟು ಗಾಳ್ಯಾಗ ನಿಂತಿತು.
ಎಣ್ಣ್ಯಾಗ ಒಂದು ಮೆಣಸಿನಕಾಯಿ ಕರ್ರಗಾತು.