ಬದಲಿ

ವಾರದ ರಜೆ ದಿನಾನೂ ನನ್ನ ಕೈ ಸುಮ್ಮನಿರೂದಿಲ್ಲ,
ಹೆಬ್ಬೆರಳು ಟಿಕೀಟು ಹರಿಯೂ ಹಂಗ ತಾನ ಅಲ್ಲಾಡತೈತಿ.
ಗಬ್ಬೂರ ಬೈಪಾಸ್ ದಾಟಿದ ಮ್ಯಾಲ, ಎರಿಹೊಲದ ನಡುವ
ಹೊಸದಾಗಿ ಎದ್ದ ಪಾರ್ಕು:
ಪ್ಲಾಸ್ಟಿಕ್ಕಿನ ಬಂಡಿಗಲ್ಲು, ನೀಲಿ ನೀರು,
ಗೇಟಿನ್ಯಾಗ ಬಾಯಿ ತಗದು ನಿಂತ ಡೈನೋಸಾರ್.
ಅದರ ಹಲ್ಲಿನ ಕೆಳಗ ನಿಂತು ಟಿಕೀಟು ತಗೊಂಡೆ.
ಹದಿಮೂರು ವರ್ಷ ಬಸ್ಸಿನ್ಯಾಗ ಕೊಟ್ಟಾಕಿ,
ತಗೊಳ್ಳುವಾಗ ಚಿಲ್ಲರ ಎಣಿಸೂದ ಮರತೆ.

ಮಗನ ಹೆಸರು ಮೌನೇಶ.
ಬಾಯಿ ಮಾತ್ರ ಹಳೇ ಬಸ್‌ಸ್ಟ್ಯಾಂಡು.
ಕೊಳ್ಳಾಗ ಹಸರು ಪಟ್ಟಿ, ಪಟ್ಟಿ ತುಂಬ ಪಿನ್ನು:
ಆನಿ, ಜೋಕರ್, ಕೈಕಾಲು ಬಂದ ಪೇಡೆ,
ಮತ್ತ ನಾಲ್ಕು ನಾಲ್ಕು ಸಲ ಅದ ನಗೂ ಸೂರ್ಯ.

ಕಾಯಿದೆ ಇಷ್ಟ ಅವ್ವಾ, ಅಂದ.
ಪಿನ್ನಿಗೆ ಪಿನ್ನು. ರೊಕ್ಕ ನಡ್ಯಂಗಿಲ್ಲ.
ಡ್ಯೂಟಿ ಮ್ಯಾಲಿದ್ದ ಮಂದಿ ಎದಿಗೆ ಹಚ್ಚಿಕೊಂಡಿದ್ದು
ಹುಡುಗರು ಕೇಳಿದ್ರ ಒಲ್ಲೆ ಅನ್ನಂಗಿಲ್ಲ.
ಯಾರು ಮಾಡಿದ್ರೋ ಇದನ್ನ?
ಗೊತ್ತಿಲ್ಲ. ಆದ್ರ ಐತಿ.

ಐಸ್‌ಕ್ರೀಂ ಗಾಡಿಯಾಕಿಗೆ ಸೂರ್ಯ ಕೊಟ್ಟು ಮೊಸಳಿ,
ವಾಚ್‌ಮನ್ನಗ ಮೊಸಳಿ ಕೊಟ್ಟು ರಾಕೆಟ್ಟು,
ರಾಕೆಟ್ಟು ಮುಷ್ಟ್ಯಾಗ ಹಿಡಕೊಂಡು ಅರ್ಧ ತಾಸು ಯೋಚನಿ.
ಜಾರುಬಂಡಿ ಬ್ಯಾಡ, ನೀರಿನ ಆಟ ಬ್ಯಾಡ.
ಒಳಗ ಬಂದ ರೊಕ್ಕ ಹೊಳಿಗಿ ಹೋತು ಅಂತ ನಾನು,
ಬಾ ಬಾ ಅಂತ ಅಂವ.
ನನಗೂ ಒಂದು ಸೂರ್ಯ ಕೊಟ್ಟ: ಕಲತ್ಕೋ.

ಕಸಾ ಹೊಡಿಯೂ ಗಂಗವ್ವನ ಮುಂದ ನಿಂತು
ನಾಚಿಕೊಂತ ಕೇಳಿದೆ.
ಆಕಿನೂ ನಾಚಿಕೊಂತ ಬಿಚ್ಚಿದಳು.
ಪಿನ್ನಿನ ಹಿಂದಿನ ಬಿರಡಿ ಜಾರಿ ಹುಲ್ಲಿನ್ಯಾಗ ಬಿತ್ತು.
ಮೂರೂ ಮಂದಿ ಅಂಬೆಗಾಲಿಟ್ಟು ಹುಡುಕಿದ್ವಿ,
ಸಿಕ್ಕಿದ ಮ್ಯಾಲೂ ಒಂದಿಷ್ಟು ಹೊತ್ತು ಹಂಗ ಕುಂತ್ವಿ.

ತೊಟ್ಟಿಲ ಚಕ್ರದ ದಾದಾಪೀರನ ಎದಿ ಮ್ಯಾಲ
ನಮ್ಮೂರ ರೇಲ್ವೆ ಪ್ಲಾಟ್‌ಫಾರ್ಮು,
ಉದ್ದಂದ್ರ ಉದ್ದ, ಕಿಸೆಯಿಂದ ಗುಂಡಿ ದಾಟಿ ಆ ಕಡಿ ತನಕ.
ಎರಡು ಕೊಡು, ಒಂದು ಒಯ್ಯಿ, ಅಂದ.
ಕಾಯಿದೆ ಒಂದಕ್ಕೊಂದು ಐತಿ.
ಕಾಯಿದೆ ಬರದಾಂವ ಹುಬ್ಬಳ್ಳಿ ಸ್ಟೇಶನ್ ನೋಡಿಲ್ಲೋ ತಮ್ಮಾ!
ಚಕ್ರ ಎರಡು ಸುತ್ತು ಖಾಲಿ ತಿರುಗಿತು.
ರಾಕೆಟ್ಟೂ ಹೋತು, ಸೂರ್ಯನೂ ಹೋದ.
ಮೌನೇಶ ಎದಿ ಉಬ್ಬಿಸಿ ನಡದ,
ಪ್ಲಾಟ್‌ಫಾರ್ಮಿಗೆ ಜಾಗಾ ಸಾಲಬೇಕಲ್ಲ.

ಸಂಜಿಮುಂದ ಗೇಟಿನ ಹಂತ್ಯಾಕ
ಸವಣೂರ ಕಡಿಯಿಂದ ಬಂದ ಒಂದು ಹುಡುಗಿ,
ಆಕಿ ಕಡೆ ಇದ್ದದ್ದು ಒಂದ ಒಂದು ಗೂಗಿ.
ಒಂದು ಕಣ್ಣು ಹಳದಿ, ಇನ್ನೊಂದಕ್ಕ ಬಣ್ಣಾನ ಹತ್ತಿಲ್ಲ.
ಪ್ಲಾಟ್‌ಫಾರ್ಮು ಬಿಚ್ಚಿ ಆಕಿ ಕೈಯಾಗಿಟ್ಟ.
ನನ್ನ ಹೊಟ್ಟಿ ಚುರ್ ಅಂತು.

ಗೂಗಿ ಮನಿಗೆ ತರಬಾರದೋ, ಅಂದೆ ಬಸ್ಸಿನ್ಯಾಗ.
ಅದಲ್ದ ಲುಕ್ಸಾನು.
ಎರಡು ಕಣ್ಣಿಂದು ಎಲ್ಲಾರ ಕಡೆ ಐತವ್ವಾ,
ಅಂದು ತೊಡಿ ಮ್ಯಾಲ ತಲಿ ಇಟ್ಟ.
ನಾನು ಖಿಡಕಿಯಾಗಿನ ಕತ್ತಲಿಗೆ ಆ ಗೂಗಿ ಹಿಡದು
ಗೋಕುಲ ರೋಡ್ ಬರೂ ತನಕ ನೋಡಿದೆ.
ಬಣ್ಣ ಇಲ್ಲದ ಕಣ್ಣು ನನ್ನ ಬೆರಳು ತೋರಸತಿತ್ತು.

ಮರುದಿನ ನಸುಕಿನ್ಯಾಗ ಡಿಪೋದಾಗ
ಖಾಕಿ ಕೋಟು ಹಾಕ್ಕೊಂಡು ಎದಿಗೆ ಕೈ ಒಯ್ದೆ.
ಬಿಲ್ಲೆ ಇರೂ ಜಾಗಾದಾಗ ಗೂಗಿ.
ಕಿಸೆದಾಗ ಹಳೇ ಟಿಕೀಟು, ಅದರ ಹಿಂದ
ನಾನು ಮಂದಿಗೆ ಚಿಲ್ಲರ ಬರದು ಕೊಡೂ ಹಂಗ
ಸೊಟ್ಟ ಅಕ್ಷರದಾಗ: ಬಾಕಿ ಏನಿಲ್ಲ.

ಈಗ ಸಾಲ್ಯಾಗ ನನ್ನ ನಂಬರು
ಯಾವ ಬೆಂಚಿನ್ಯಾಗ ಕುಂತೈತೋ,
ಯಾರಿಗೆ ಟಿಕೀಟು ಹರದು ಕೊಡಾಕತ್ತೈತೋ.
ಕಂಟ್ರೋಲರ್ ಸಾಹೇಬ್ರು ಕನ್ನಡಕ ಏರಿಸಿ ನೋಡಿದ್ರು,
ಬಾಯಿ ತಗದ್ರು, ಮತ್ತ ಮುಚ್ಚಿದ್ರು.
ಡ್ರೈವರ್ ಹಾರ್ನ್ ಹೊಡದ.

ಉಣಕಲ್ಲಿನ್ಯಾಗ ಅಜ್ಜಿ ಕೈ ಹಿಡಕೊಂಡು ಹತ್ತಿದ ಹುಡುಗ
ನನ್ನ ಎದಿ ನೋಡಿದ,
ಇನ್ನೊಮ್ಮೆ ನೋಡಿದ,
ಆಮ್ಯಾಲ ಅಜ್ಜಿ ಕೈ ಬಿಟ್ಟು
ತನ್ನ ಕಿಸೆ ತಡಕಾಡಾಕತ್ತಿದ.